ಅರವತ್ತು ನಿಮಿಷದ ಟೇಪು

ಶನಿವಾರ ಸಂಜೆ ನಾಲ್ಕಕ್ಕೆ ಮಕ್ಕಳಿಗೆ ಹಾಡು ಕೇಳಿಸಬೇಕು, ಬನ್ನಿ ಎಂದು ಗ್ರಂಥಾಲಯದ ಮೇಡಂ ಮನೆಬಾಗಿಲಿಗೇ ಬಂದು ಕರೆದಾಗ ಟೇಪಣ್ಣ ಮೊದಲು ನೋಡಿದ್ದು ತನ್ನ ಮೊಣಕಾಲನ್ನು. ಅರವತ್ತೇಳು ವರ್ಷದ ಮನುಷ್ಯನನ್ನು ಯಾರು ಎಲ್ಲಿಗೆ ಕರೆದರೂ ಮೊದಲು ಮೊಣಕಾಲಿನ ಅಪ್ಪಣೆ ಆಗಬೇಕು. ಗ್ರಂಥಾಲಯವೇನೋ ಎರಡು ಬೀದಿ ಆಚೆ. ಹಾಡು ಕೇಳಿಸುವ ಕೋಣೆ ಮಾತ್ರ ನೆಲಮಾಳಿಗೆಯಲ್ಲಿ, ಹದಿನೆಂಟು ಮೆಟ್ಟಿಲು ಕೆಳಗೆ. ಇಳಿಯುವುದು ಹೇಗೋ ಆಗುತ್ತದೆ. ಹತ್ತುವುದು ಯಾರಪ್ಪನಿಗೂ ಬೇಡ.

"ಆಗಲ್ಲ ಮೇಡಂ, ಸುಸ್ತು," ಎಂದ.

"ನಾಲ್ಕೇ ಶನಿವಾರ ಸರ್," ಎಂದರು ಮೇಡಂ. "ಯಾರೋ ಮನೆ ಖಾಲಿ ಮಾಡುವಾಗ ಹಳೇ ರೆಕಾರ್ಡುಗಳನ್ನೆಲ್ಲ ನಮಗೆ ಕೊಟ್ಟು ಹೋದ್ರು. ಜೊತೆಗೊಂದು ಪ್ಲೇಯರ್ ಇದೆ, ಅದನ್ನ ಮುಟ್ಟೋಕೇ ನಮಗೆ ಭಯ. ಬಿಳಿತಲೆಯ ಹನ್ನೆರಡು ಹಾಡಿನ ಜೋಡಿ ರೆಕಾರ್ಡೂ ಅದರಲ್ಲಿ ಸಿಕ್ತು. ಈ ಊರಲ್ಲಿ ಬಿಳಿತಲೆಯ ಹಾಡು ಅಂದ್ರೆ ನೀವೇ ಅಂತ ಯಾರನ್ನ ಕೇಳಿದ್ರೂ ಹೇಳ್ತಾರೆ."

ಹೊಗಳಿಕೆಯಂಥ ಮುಲಾಮು ಮೊಣಕಾಲಿಗೆ ಇನ್ನೊಂದಿಲ್ಲ. ಟೇಪಣ್ಣ ಒಪ್ಪಿಕೊಂಡ.

ಬಿಳಿತಲೆ ಯಾರೆಂದು ತಿಳಿಯದವರಿಗೆ ಒಂದು ಮಾತು. ಅವನೊಬ್ಬ ರಾಕ್ ಸಂಗೀತಗಾರ, ಗಿಟಾರ್ ನುಡಿಸುತ್ತಲೇ ಹಾಡುವವನು. ಇಪ್ಪತ್ತೈದು ತುಂಬುವ ಮೊದಲೇ ತಲೆಯೆಲ್ಲ ಹತ್ತಿಯಂತೆ ಬೆಳ್ಳಗಾಗಿತ್ತು. ಅಭಿಮಾನಿಗಳು ಪ್ರೀತಿಯಿಂದ ಇಟ್ಟ ಹೆಸರು ಅದು. ಈಗ ಆ ಅಭಿಮಾನಿಗಳ ತಲೆಗಳೂ ಬೆಳ್ಳಗಾಗಿವೆ, ಅವರಿಗೆ ಯಾರೂ ಹೆಸರಿಟ್ಟಿಲ್ಲ. ಬಿಳಿತಲೆಯ ಒಂದು ಚಾಳಿಯೆಂದರೆ, ಹಾಡು ಮುಗಿಯುತ್ತ ಬಂದಾಗ ಅವನ ದನಿ ಮತ್ತು ಗಿಟಾರು ಎರಡೂ ಒಂದನ್ನೊಂದು ಅಟ್ಟಿಸಿಕೊಂಡು ಮೇಲೇರುವುದು. ಕೇಳುವವರು ಉಸಿರು ಹಿಡಿದು ಕೂರಬೇಕು. ಒಂದು ಕಾಲದಲ್ಲಿ ಈ ಊರಿನ ಹುಡುಗ ಹುಡುಗಿಯರೆಲ್ಲ ಹಾಗೆ ಕೂತವರೇ. ಅವರನ್ನು ಹಾಗೆ ಕೂರಿಸಿದವನು ಟೇಪಣ್ಣ.

ಅವನ ಅಂಗಡಿ ಬಸ್ ನಿಲ್ದಾಣದ ಹಿಂದಿನ ಓಣಿಯಲ್ಲಿತ್ತು. ಒಳಗೆ ಮೂವರು ನಿಂತರೆ ನಾಲ್ಕನೆಯವರು ಬೀದಿಯಲ್ಲಿ ನಿಂತು ಕತ್ತು ಚಾಚಬೇಕು, ಅಷ್ಟು ಜಾಗ. ಒಂದರ ಮೇಲೊಂದು ನಾಲ್ಕು ಡೆಕ್ಕುಗಳು, ಪಕ್ಕದಲ್ಲೊಂದು ರೆಕಾರ್ಡ್ ಪ್ಲೇಯರ್, ಗೋಡೆ ತುಂಬ ಕ್ಯಾಸೆಟ್ಟು. ಜನ ಖಾಲಿ ಕ್ಯಾಸೆಟ್ ತಂದು ಬೇಕಾದ ಹಾಡು ಹೇಳಿ ಹೋಗುವುದು, ಸಂಜೆ ಬಂದು ತುಂಬಿದ ಕ್ಯಾಸೆಟ್ ಒಯ್ಯುವುದು. ಇಪ್ಪತ್ತೆರಡು ವರ್ಷ ಟೇಪಣ್ಣ ಮಾಡಿದ್ದು ಇದೇ ಕೆಲಸ. ಆಮೇಲೆ ಕ್ಯಾಸೆಟ್ಟಿನ ಕಾಲ ಮುಗಿಯಿತು, ಡೆಕ್ಕುಗಳನ್ನು ರಿಪೇರಿ ಮಾಡುವ ಕಾಲ ಬಂತು. ರಿಪೇರಿಗೆ ತರುವವರೂ ನಿಂತ ಮೇಲೆ ಅವನು ಬಾಗಿಲೆಳೆದು ಮನೆಗೆ ಬಂದು ಕೂತ. ಕೂತವನಿಗೆ ಸುಸ್ತು ಶುರುವಾಯಿತು. ದುಡಿಯುವಾಗ ಬಾರದ ಸುಸ್ತು ಕೂತಾಗ ಎಲ್ಲಿಂದ ಬರುತ್ತದೋ, ಅಂತೂ ಬಂದದ್ದು ಹೋಗಲಿಲ್ಲ.

ಬಿಳಿತಲೆಯ ಆ ಜೋಡಿ ರೆಕಾರ್ಡು ಊರಿಗೆ ಬಂದದ್ದು ನಲವತ್ತು ವರ್ಷದ ಹಿಂದೆ. ಹಲ್ಲಿನ ಡಾಕ್ಟರೊಬ್ಬರು ಎಲ್ಲಿಂದಲೋ ತರಿಸಿ, ಮೂರು ದಿನದ ಮಟ್ಟಿಗೆ ಟೇಪಣ್ಣನ ಕೈಗೆ ಕೊಟ್ಟಿದ್ದರು. ಒಂದೊಂದು ಮಗ್ಗುಲಿಗೆ ಮೂರು ಹಾಡು, ನಾಲ್ಕು ಮಗ್ಗುಲಿಗೆ ಹನ್ನೆರಡು, ಒಟ್ಟು ಅರವತ್ತನಾಲ್ಕು ನಿಮಿಷ. ಜನ ತರುತ್ತಿದ್ದ ಕ್ಯಾಸೆಟ್ಟೋ ಅರವತ್ತು ನಿಮಿಷದ್ದು. ತೊಂಬತ್ತು ನಿಮಿಷದ್ದೂ ಸಿಗುತ್ತಿತ್ತು, ಆದರೆ ಅದರ ಟೇಪು ತೆಳ್ಳಗೆ. ಮನೆಯ ಅಗ್ಗದ ಪ್ಲೇಯರಿನಲ್ಲಿ ಸುತ್ತಿಕೊಂಡು ಕರುಳಿನ ಹಾಗೆ ಹೊರಗೆ ಬರುತ್ತಿತ್ತು. ಹಾಗಾಗಿ ಅರವತ್ತೇ ಗತಿ. ನಾಲ್ಕು ನಿಮಿಷ ಹೆಚ್ಚಾಗಿದೆ, ಏನು ಮಾಡುವುದು? ಬೇರೆ ಅಂಗಡಿಯವರಾದರೆ ಒಂದು ಹಾಡನ್ನೇ ಬಿಟ್ಟುಬಿಡುತ್ತಿದ್ದರು, ಇಲ್ಲವೆ ಟೇಪು ಮುಗಿದಲ್ಲಿ ಹಾಡು ಕಚಕ್ಕೆಂದು ನಿಲ್ಲಲಿ ಎಂದು ಕೈ ತೊಳೆದುಕೊಳ್ಳುತ್ತಿದ್ದರು. ಟೇಪಣ್ಣ ಅಂಥವನಲ್ಲ.

ಅವನ ಪ್ಲೇಯರಿನ ಪಕ್ಕದಲ್ಲಿ ವೇಗ ಸರಿಮಾಡುವ ಸಣ್ಣ ಗುಂಡಿಯಿತ್ತು. ತಿರುಗುವ ತಟ್ಟೆಯ ಅಂಚಿಗೆ ಚುಕ್ಕಿಗಳು, ಅದರ ಮೇಲೆ ಬೀಳುವ ಪುಟ್ಟ ದೀಪ. ಚುಕ್ಕಿಗಳು ನಿಂತಂತೆ ಕಂಡರೆ ವೇಗ ಸರಿ, ಓಡಿದಂತೆ ಕಂಡರೆ ಹೆಚ್ಚುಕಡಿಮೆ. ಟೇಪಣ್ಣ ಗುಂಡಿಯನ್ನು ಕೂದಲೆಳೆಯಷ್ಟು ತಿರುಗಿಸಿದ. ಚುಕ್ಕಿಗಳು ಓಡಿದವು, ಅರವತ್ತನಾಲ್ಕು ನಿಮಿಷ ಅರವತ್ತರೊಳಗೆ ಕೂತಿತು. ಒಂದು ಹಾಡೂ ಬಿಡಲಿಲ್ಲ, ಒಂದು ಅಕ್ಷರವೂ ಕತ್ತರಿಸಲಿಲ್ಲ. ದನಿ ಅಷ್ಟೇ ಅಷ್ಟು ಮೇಲೆ ಹೋಯಿತು, ಗಿಟಾರು ಅಷ್ಟೇ ಅಷ್ಟು ಚುರುಕಾಯಿತು. ಕೇಳಿದವರು ಭೇಷ್ ಎಂದರು. ಆ ಟೇಪಿನಿಂದ ಎಷ್ಟು ಪ್ರತಿ ಹೋದವೆಂದು ಅವನಿಗೇ ಗೊತ್ತಿಲ್ಲ. ಊರಿನ ಇಡೀ ಒಂದು ತಲೆಮಾರು ಬಿಳಿತಲೆಯನ್ನು ಕೇಳಿದ್ದು ಆ ಓಟದಲ್ಲೇ. ಒಂದು ಸಲ ರೇಡಿಯೋದಲ್ಲಿ ಆ ಹಾಡೊಂದು ಬಂದಾಗ ಟೇಪಣ್ಣನೂ ಅವನ ತಮ್ಮನೂ ಕೂತು ಕೇಳಿ, "ರೇಡಿಯೋದವರ ಮಷಿನ್ನಿಗೆ ಏನೋ ಬಡಕೊಂಡಿದೆ ಕಣೋ, ಎಳೀತಾ ಇದೆ," ಎಂದು ಹೊಟ್ಟೆ ಹುಣ್ಣಾಗುವಂತೆ ನಕ್ಕಿದ್ದರು. ಗುಂಡಿ ತಿರುಗಿಸಿದ ಸಂಗತಿ ಅಷ್ಟರಲ್ಲೇ ಟೇಪಣ್ಣನ ತಲೆಯಿಂದ ಹಾರಿಹೋಗಿತ್ತು.

ಮೊದಲ ಶನಿವಾರಕ್ಕೆ ಎರಡು ದಿನ ಮುಂಚೆ ಅವನು ಪ್ಲೇಯರ್ ಪರೀಕ್ಷೆ ಮಾಡಲು ಹದಿನೆಂಟು ಮೆಟ್ಟಿಲು ಇಳಿದ. ಮಕ್ಕಳ ಪುಟ್ಟ ಕುರ್ಚಿಗಳು, ಗೋಡೆಗೆ ಅಂಟಿಸಿದ ಬಣ್ಣದ ಪ್ರಾಣಿಗಳು, ಹಳೇ ಪುಸ್ತಕದ ವಾಸನೆ. ಹೊದಿಕೆ ತೆಗೆದು, ಧೂಳು ಒರೆಸಿ, ಮೊದಲ ರೆಕಾರ್ಡು ಹಾಕಿ ಮುಳ್ಳು ಇಳಿಸಿದ. ಹಾಡು ಎಳೆಯುತ್ತಿತ್ತು. ಬಿಳಿತಲೆ ಜ್ವರದಿಂದ ಎದ್ದು ಬಂದು ಹಾಡಿದಂತಿತ್ತು.

"ಬೆಲ್ಟ್ ಹೋಗಿದೆ," ಎಂದ ಟೇಪಣ್ಣ ಮೇಡಂಗೆ, ರೋಗಿಯ ನಾಡಿ ಹಿಡಿದ ಡಾಕ್ಟರ ಗತ್ತಿನಲ್ಲಿ.

ಮಾರನೆಯ ದಿನ ಹೊಸ ಬೆಲ್ಟ್ ತಂದು ಹಾಕಿದ. ಹಾಡು ಎಳೆಯಿತು. ಬಿಚ್ಚಿ ಒಳಗೆ ಎಣ್ಣೆ ಬಿಟ್ಟ, ಎಳೆಯಿತು. ತಟ್ಟೆಯಂಚಿನ ಚುಕ್ಕಿಗಳು ಅಲುಗದೆ ನಿಂತಿದ್ದವು; ಹಾಗಾದರೆ ದೀಪವೇ ಕೆಟ್ಟಿರಬೇಕು ಎಂದುಕೊಂಡ. ಕಡೆಗೆ ರೆಕಾರ್ಡಿನ ನಡುವಿನ ಚೀಟಿಯ ಮೇಲೆ ಒಂದು ಚೂರು ಕಾಗದ ಅಂಟಿಸಿ, ಕೈಗಡಿಯಾರ ನೋಡುತ್ತ ಸುತ್ತು ಎಣಿಸಿದ. ಒಂದು ನಿಮಿಷಕ್ಕೆ ಮೂವತ್ತಮೂರು, ಮೇಲೊಂದಿಷ್ಟು. ಎಷ್ಟಿರಬೇಕೋ ಅಷ್ಟೇ. ಮೂರು ಸಲ ಎಣಿಸಿದರೂ ಅಷ್ಟೇ.

ಆಗ ನೆನಪಾಯಿತು ಅವನಿಗೆ, ಆ ಸಣ್ಣ ಗುಂಡಿ.

ನಲವತ್ತು ವರ್ಷ ಅವನ ಕಿವಿ ಕೇಳಿದ್ದು ತಾನೇ ಓಡಿಸಿದ ಹಾಡನ್ನು. ಮೊದಲು ಅವನಿಗೆ ನಗು ಬಂತು. ಸರಿಯಿದ್ದ ಮಷಿನ್ನಿಗೆ ಎರಡು ದಿನ ರಿಪೇರಿ ಮಾಡಿದನಲ್ಲ! ಮೇಡಂಗೆ ಹೇಳಿ ನಗಬೇಕೆಂದು ತಲೆಯೆತ್ತಿದ. ತಲೆಯೆತ್ತಿದ್ದೇ ತಡ, ತಮ್ಮನ ನೆನಪಾಯಿತು. ಅಲ್ಲೇ ಇದ್ದ ಪುಟ್ಟ ಕುರ್ಚಿಯ ಮೇಲೆ ಮೊಣಕಾಲು ಗದ್ದಕ್ಕೆ ತಾಗುವಂತೆ ಕೂತುಬಿಟ್ಟ.

ತಮ್ಮ ಅವನಿಗಿಂತ ಆರು ವರ್ಷ ಚಿಕ್ಕವನು. ಆ ಟೇಪು ಮೊದಲು ತಲುಪಿದ್ದೇ ಅವನ ಕೈಗೆ. ಒಂದು ಗಿಟಾರು ಹೇಗೋ ಹೊಂದಿಸಿಕೊಂಡು, ಮನೆಯ ಹಿಂದಿನ ತಗಡಿನ ಕೋಣೆಯಲ್ಲಿ ಟೇಪು ಹಾಕಿ, ನಿಲ್ಲಿಸಿ, ಹಿಂದಕ್ಕೆ ತಿರುಗಿಸಿ, ಮತ್ತೆ ಹಾಕಿ, ಹನ್ನೊಂದು ಹಾಡು ಕಲಿತಿದ್ದ. ಟೇಪಿನ ಶ್ರುತಿಗೆ ಸರಿಹೋಗಲಿ ಎಂದು ತಂತಿಗಳನ್ನು ಬಿಗಿಯುತ್ತಿದ್ದ. ತೆಳ್ಳನೆಯ ತಂತಿ ಹದಿನೈದು ದಿನಕ್ಕೊಮ್ಮೆ ಟಪ್ಪೆಂದು ಕಿತ್ತುಹೋಗುತ್ತಿತ್ತು. ಈ ತಂತಿ ಮಾಡುವವರಿಗೆ ಮಾನ ಮರ್ಯಾದೆ ಇಲ್ಲ ಎಂದು ಅಣ್ಣ ತಮ್ಮ ಇಬ್ಬರೂ ಬೈಯುತ್ತಿದ್ದರು. ತಮ್ಮನ ಬೆರಳ ತುದಿಗಳು ಕಲ್ಲಿನಂತಾಗಿದ್ದವು.

ಅವನಿಗೆ ಇಪ್ಪತ್ತೊಂದಾದಾಗ ಊರಿನ ದೊಡ್ಡ ಹೋಟೆಲ್ಲಿನ ವಾದ್ಯತಂಡಕ್ಕೆ ಗಿಟಾರ್ ನುಡಿಸಿ ಹಾಡುವವನೊಬ್ಬ ಬೇಕಾಗಿದ್ದ. ಬಿಳಿತಲೆಯ ಹನ್ನೆರಡನೆಯ ಹಾಡು ಬರಬೇಕು, ಅದೇ ಪರೀಕ್ಷೆ ಎಂದಿದ್ದರು ತಂಡದವರು. ತಮ್ಮ ಮೂರು ತಿಂಗಳು ಆ ಒಂದೇ ಹಾಡಿಗೆ ಬಿದ್ದ. ಎಲ್ಲ ಬಂತು, ಕೊನೆಯ ಎರಡು ನಿಮಿಷ ಬರಲಿಲ್ಲ. ಮೇಲೇರುವಾಗ ದನಿ ಒಂದೇ ಒಂದು ಮೆಟ್ಟಿಲು ಕೆಳಗೇ ಒಡೆಯುತ್ತಿತ್ತು, ಬೆರಳು ಒಂದು ಗುಲಗಂಜಿಯಷ್ಟು ತಡವಾಗಿ ಬರುತ್ತಿತ್ತು. ಪರೀಕ್ಷೆಯ ದಿನ ಬೆಳಿಗ್ಗೆ ಅವನು ಅಂಗಿ ಹಾಕಿಕೊಂಡು, ಗಿಟಾರ್ ಹೆಗಲಿಗೇರಿಸಿ, ಬಾಗಿಲವರೆಗೆ ಹೋಗಿ ವಾಪಸು ಬಂದ.

"ಆಗಲ್ಲ ಅಣ್ಣ. ನನ್ನ ದನಿ ಅಲ್ಲಿಗೆ ಹೋಗಲ್ಲ," ಎಂದ.

ಟೇಪಣ್ಣ ಆಗ ಆಡಿದ ಮಾತು ಈಗ ಪುಟ್ಟ ಕುರ್ಚಿಯಲ್ಲಿ ಕೂತವನ ಕಿವಿಗೆ ನೆಟ್ಟಗೆ ಬಂದು ಬಡಿಯಿತು. "ಹೋಗಲ್ಲ ಅಂದ್ರೆ ಏನೋ? ಅದೇ ಟೇಪು ಕೇಳಿ ಊರೆಲ್ಲ ಕಲೀತಿದೆ. ನಿನ್ನದು ಸೋಮಾರಿ ಕೈ," ಎಂದಿದ್ದ. ಮನೆಯವರಿಗೆಲ್ಲ ಆ ಮಾತು ಇಷ್ಟವಾಯಿತು. ಆಮೇಲೆ ತಮ್ಮ ತಟ್ಟೆ ಎತ್ತಿಡಲು ತಡಮಾಡಿದರೂ ಸೋಮಾರಿ ಕೈ, ಗುಂಡಿ ಹಾಕಿಕೊಳ್ಳಲು ತಡಮಾಡಿದರೂ ಸೋಮಾರಿ ಕೈ. ಗಿಟಾರನ್ನು ತಮ್ಮ ಆ ತಿಂಗಳೇ ಯಾರಿಗೋ ಕೊಟ್ಟುಬಿಟ್ಟ. ಲಿಫ್ಟ್ ರಿಪೇರಿ ಕಲಿತು ಕೆಲಸಕ್ಕೆ ಸೇರಿದ, ಮದುವೆಯಾದ, ಮಗಳು ಹುಟ್ಟಿದಳು. ಆಗಬೇಕಾದ್ದೆಲ್ಲ ಆಯಿತು. ಬಿಳಿತಲೆಯ ಹಾಡು ಎಲ್ಲಾದರೂ ಕೇಳಿಬಂದರೆ ಮಾತ್ರ ಅವನು ಮೆಲ್ಲಗೆ ಎದ್ದು ಹೊರಗೆ ಹೋಗುತ್ತಿದ್ದ. ಸರಿಯಾದ ವೇಗದಲ್ಲಿ ಆ ಹನ್ನೆರಡನೆಯ ಹಾಡನ್ನು ಕೇಳುವ ಪ್ರಸಂಗವೇ ಅವನಿಗೆ ಬರಲಿಲ್ಲ.

ಮನೆಗೆ ಬಂದು ಟೇಪಣ್ಣ ಎಲ್ಲವನ್ನೂ ಹೆಂಡತಿಗೆ ಹೇಳಿದ. ಅವಳು ಶಾಲೆ ಮಕ್ಕಳ ಯೂನಿಫಾರಂ ಹೊಲಿಯುತ್ತಿದ್ದಳು. ಮಷಿನ್ ನಿಲ್ಲಿಸಿ, ಬಾಯಲ್ಲಿದ್ದ ಗುಂಡುಸೂಜಿಗಳನ್ನು ಒಂದೊಂದಾಗಿ ತೆಗೆದಿಟ್ಟಳು. ಅಂದರೆ ಮಾತು ದೊಡ್ಡದೇ ಇದೆ ಎಂದು ಅರ್ಥ.

"ಹೇಳ್ಬೇಡಿ," ಎಂದಳು.

"ಅವನಿಗೆ ಗೊತ್ತಾಗ್ಬೇಡ್ವೇನೇ? ಅವನ ತಪ್ಪಲ್ಲ ಅಂತ?"

"ನಲವತ್ತು ವರ್ಷ ಆಯ್ತು ರೀ. ಅವನು ಹೇಗೋ ಅದನ್ನ ನುಂಗಿಕೊಂಡು ಅರಗಿಸಿಕೊಂಡಿದ್ದಾನೆ. ನಿಮ್ಮ ಎದೆ ಹಗುರ ಆಗ್ಲಿ ಅಂತ ಅವನ ಎದೆ ಮೇಲೆ ಕಲ್ಲು ಹೇರ್ತೀರಾ?"

"ನಾನು ಅವನಿಗೆ ಸೋಮಾರಿ ಕೈ ಅಂದಿದ್ದೆ."

"ಅಂದಿದ್ರಿ. ಈಗ ಬಾಯಿ ಮುಚ್ಕೊಂಡಿದ್ದು ತೀರಿಸಿ," ಎಂದು ಅವಳು ಸೂಜಿಗಳನ್ನು ಮತ್ತೆ ಬಾಯಿಗಿಟ್ಟುಕೊಂಡಳು.

ಮೊದಲ ಶನಿವಾರ ಒಂಬತ್ತು ಮಕ್ಕಳು ಬಂದರು, ಹನ್ನೆರಡರಿಂದ ಹದಿನೈದು ವರ್ಷದವರು. ಅರ್ಧ ಜನ ತಾವಾಗಿ ಬಂದವರು, ಉಳಿದವರನ್ನು ತಾಯಂದಿರು ಅಟ್ಟಿದ್ದರು. ಟೇಪಣ್ಣ ರೆಕಾರ್ಡಿನ ಹೊದಿಕೆ ತೋರಿಸಿದ. ಬಿಳಿತಲೆ ಅದರಲ್ಲಿ ಗಿಟಾರನ್ನು ಮಗುವಿನಂತೆ ಎತ್ತಿಕೊಂಡು ನಿಂತಿದ್ದ. ಗಿಟಾರಿನ ದನಿಯನ್ನು ಹೇಗೆ ದೊಡ್ಡದು ಮಾಡುತ್ತಾರೆ, ಬಿಳಿತಲೆ ತಂತಿಯನ್ನು ಹೇಗೆ ಬದಿಗೆ ಒತ್ತಿ ಅಳುವಂತೆ ಮಾಡುತ್ತಾನೆ ಎಂದೆಲ್ಲ ಹೇಳಿ ಮುಳ್ಳು ಇಳಿಸಿದ. ಹಾಡು ಒಂದು ನಿಮಿಷ ನಡೆಯಿತು.

"ಅಂಕಲ್, ಒಂದೂಕಾಲು ಮಾಡಿ," ಎಂದಳು ದಪ್ಪ ಕನ್ನಡಕದ ಹುಡುಗಿ.

"ಏನು ಒಂದೂಕಾಲು?"

"ಸ್ಪೀಡು. ನಾವು ಫೋನಲ್ಲಿ ಎಲ್ಲಾ ಒಂದೂಕಾಲಲ್ಲೇ ಕೇಳೋದು. ಒಂದರಲ್ಲಿ ಬೋರು."

ಉಳಿದ ಮಕ್ಕಳೂ ಹೌದೆಂದು ತಲೆಯಾಡಿಸಿದರು. ಒಬ್ಬನಂತೂ ತಾನು ಒಂದೂವರೆಯಲ್ಲಿ ಕೇಳುವುದಾಗಿ ಜಂಬ ಕೊಚ್ಚಿಕೊಂಡ.

"ಮಾಡಲ್ಲ!" ಎಂದ ಟೇಪಣ್ಣ. ದನಿ ಎಷ್ಟು ಜೋರಾಯಿತೆಂದರೆ ಮೇಲಿನಿಂದ ಮೇಡಂ ಬಗ್ಗಿ ನೋಡಿದರು. ಅವನಿಗೇ ನಾಚಿಕೆಯಾಯಿತು. ಆಮೇಲೆ ಮೆಲ್ಲಗೆ, "ಆ ಮನುಷ್ಯ ಹೇಗೆ ನುಡಿಸಿದ್ನೋ ಹಾಗೇ ಕೇಳ್ಬೇಕು ಕಣ್ರಮ್ಮಾ. ಓಡಿಸಿದ್ರೆ ಅದು ಅವನದ್ದಾಗಿ ಉಳಿಯಲ್ಲ," ಎಂದ. ಉಪದೇಶ ಮಾಡಲು ಊರಲ್ಲಿ ಇನ್ನಾರೂ ಸಿಗಲಿಲ್ಲವೇ ಎಂದು ತನ್ನನ್ನೇ ಬೈದುಕೊಂಡ.

ಆದರೂ ಮಕ್ಕಳು ಕೇಳಿದರು. ಮೂರನೆಯ ಹಾಡಿನಲ್ಲಿ ಗಿಟಾರ್ ಒಂದೇ ಸ್ವರವನ್ನು ಹಿಡಿದು ಬಿಡದೆ ನಿಂತಾಗ ಒಂದೂವರೆಯವನ ಬಾಯಿ ತೆರೆದೇ ಇತ್ತು. ಎರಡನೆಯ ಶನಿವಾರ ಹನ್ನೊಂದು ಮಕ್ಕಳಾದರು, ಮೂರನೆಯದಕ್ಕೆ ಹದಿಮೂರು. ಟೇಪಣ್ಣನಿಗೆ ಸಂತೋಷವಾಗಬೇಕಿತ್ತು. ಪ್ರತಿ ಸಲ ಮೆಟ್ಟಿಲು ಹತ್ತುವಾಗ ಹತ್ತನೆಯದರಲ್ಲಿ ನಿಂತು ಸುಧಾರಿಸಿಕೊಳ್ಳುತ್ತಿದ್ದ. ಮನೆಗೆ ಹೋಗಿ ಗೋಡೆ ನೋಡುತ್ತ ಕೂರುತ್ತಿದ್ದ. ದೇಹದ ಸುಸ್ತಾಗಿದ್ದರೆ ಮಲಗಿದರೆ ಹೋಗುತ್ತಿತ್ತು. ಇದು ಮಲಗಿದರೂ ಪಕ್ಕದಲ್ಲೇ ಮಲಗುತ್ತಿತ್ತು.

ಮೂರನೆಯ ಶನಿವಾರ ಹಾಡು ಮುಗಿದ ಮೇಲೆ ಕನ್ನಡಕದ ಹುಡುಗಿ ಕೇಳಿದಳು. "ಅಂಕಲ್, ನಮ್ಮ ಊರಲ್ಲಿ ಯಾರಿಗಾದ್ರೂ ಹೀಗೆ ನುಡಿಸೋಕೆ ಬರ್ತಿತ್ತಾ?"

"ನನ್ನ ತಮ್ಮನಿಗೆ ಬರ್ತಿತ್ತು. ಹನ್ನೊಂದು ಹಾಡು."

"ಈಗ?"

"ಬಿಟ್ಟ."

"ಯಾಕೆ?"

ನಲವತ್ತು ವರ್ಷದಿಂದ ಈ ಪ್ರಶ್ನೆಗೆ ಒಂದು ಸಿದ್ಧ ಉತ್ತರವಿತ್ತು. ಅದು ಅಭ್ಯಾಸಬಲದಿಂದ ತುಟಿಯವರೆಗೂ ಬಂತು. ಹದಿಮೂರು ಮಕ್ಕಳು ಅವನ ಬಾಯನ್ನೇ ನೋಡುತ್ತಿದ್ದರು. ಟೇಪಣ್ಣನಿಗೆ ಅದನ್ನು ಆಡಲೂ ಆಗಲಿಲ್ಲ, ನುಂಗಲೂ ಆಗಲಿಲ್ಲ. "ಮುಂದಿನ ವಾರ ಬನ್ನಿ," ಎಂದು ಎದ್ದುಬಿಟ್ಟ. ಇನ್ನು ಹೇಳದಿದ್ದರೆ ಆಗದು ಎಂದು ಅವನಿಗೆ ಖಾತ್ರಿಯಾದದ್ದು ಆಗಲೇ. ಹೆಂಡತಿಗೆ ಮಾತ್ರ ತಿಳಿಸಲಿಲ್ಲ.

ಗುರುವಾರ ತಮ್ಮ ಒಂದು ಆಫೀಸು ಕಟ್ಟಡದಲ್ಲಿ ಲಿಫ್ಟ್ ಬಿಚ್ಚಿಕೊಂಡು ಕೂತಿದ್ದ. ಏಳು ಮಹಡಿ, ಅದರ ಮೇಲೆ ಲಿಫ್ಟಿನ ಮೋಟಾರು ಕೋಣೆ. ಲಿಫ್ಟ್ ನಿಲ್ಲಿಸಿದವನನ್ನು ಕಾಣಲು ಮೆಟ್ಟಿಲು ಹತ್ತಿಯೇ ಹೋಗಬೇಕಲ್ಲ. ಟೇಪಣ್ಣ ಮಹಡಿಗೊಂದು ಸಲ ನಿಂತು, ಐದನೆಯದರಲ್ಲಿ ಕಾವಲುಗಾರನ ಸ್ಟೂಲಿನ ಮೇಲೆ ಕೂತು, ಅವನಿಂದ ನೀರು ಇಸಿದುಕೊಂಡು ಕುಡಿದು, ಅಂತೂ ಮೇಲೆ ತಲುಪಿದ. ಮೋಟಾರಿನ ದಪ್ಪ ಚಕ್ರ, ಅದರ ಮೇಲೆ ಹಾದುಹೋದ ಉಕ್ಕಿನ ಹಗ್ಗಗಳು, ಗ್ರೀಸಿನ ವಾಸನೆ. ತಮ್ಮ ಚಿಂದಿ ಬಟ್ಟೆಯಲ್ಲಿ ಹಗ್ಗ ಒರೆಸುತ್ತಿದ್ದ.

"ಏನಣ್ಣ? ಮನೇಲಿ ಎಲ್ಲ ಚೆನ್ನಾಗಿದ್ದಾರಲ್ಲ?" ಎಂದ ಗಾಬರಿಯಿಂದ. ಏಳು ಮಹಡಿ ಹತ್ತಿ ಬಂದ ಅಣ್ಣ ಒಳ್ಳೆಯ ಸುದ್ದಿ ತಂದಿರಲಾರನೆಂದು ಯಾರಿಗಾದರೂ ತಿಳಿಯುತ್ತದೆ.

ಟೇಪಣ್ಣ ಒಂದು ಮರದ ಪೆಟ್ಟಿಗೆಯ ಮೇಲೆ ಕೂತ. ದಾರಿಯುದ್ದಕ್ಕೂ ಜೋಡಿಸಿಕೊಂಡಿದ್ದ ಮಾತೆಲ್ಲ ಮೂರನೆಯ ಮಹಡಿಯಲ್ಲೇ ಉಸಿರಿನ ಜೊತೆ ಹೋಗಿತ್ತು. ಉಳಿದದ್ದನ್ನು ಹೇಳಿದ. ಅರವತ್ತನಾಲ್ಕು ನಿಮಿಷ, ಅರವತ್ತರ ಟೇಪು, ಗುಂಡಿ. ಗ್ರಂಥಾಲಯದ ಪ್ಲೇಯರು, ಶನಿವಾರದ ಮಕ್ಕಳು, ಎಣಿಸಿದ ಸುತ್ತು. "ನೀನು ಕಲಿತದ್ದು ಓಡಿಸಿದ ಹಾಡು ಕಣೋ. ನಿಜವಾದ್ದು ಅದಕ್ಕಿಂತ ಒಂದು ಮೆಟ್ಟಿಲು ಕೆಳಗಿದೆ. ನಿನ್ನ ದನಿ ಎಲ್ಲಿ ನಿಲ್ತಿತ್ತೋ ಅಲ್ಲೇ ಇದೆ."

ತಮ್ಮನ ಕೈ ಒರೆಸುವುದನ್ನು ನಿಲ್ಲಿಸಲಿಲ್ಲ.

"ಎಷ್ಟು ಜಾಸ್ತಿ ಮಾಡಿದ್ದೆ?" ಎಂದು ಕೇಳಿದ.

"ನೂರಕ್ಕೆ ಆರೋ ಏಳೋ."

"ಲಿಫ್ಟಲ್ಲಿ ಅಷ್ಟು ಜಾಸ್ತಿಯಾದ್ರೆ ಒಳಗಿದ್ದೋರಿಗೆ ಗೊತ್ತಾಗಲ್ಲ," ಎಂದ ತಮ್ಮ, ಕೆಲಸದ ಮಾತಾಡುವ ದನಿಯಲ್ಲೇ.

ಟೇಪಣ್ಣನಿಗೆ ಅವನು ಬೈದಿದ್ದರೆ ಚೆನ್ನಾಗಿತ್ತು ಅನಿಸಿತು. ಬೈಗುಳಕ್ಕೆ ತಲೆ ತಗ್ಗಿಸಿ ಕೂರಬಹುದಿತ್ತು. ಸುಮ್ಮನಿರಲಾರದೆ ಬಾಯಿಗೆ ಬಂದದ್ದನ್ನು ಆಡಿಬಿಟ್ಟ. "ಹಾಗೆ ಮಾಡದೆ ಇದ್ದಿದ್ರೆ ಟೇಪು ಮುಗಿದುಹೋಗಿ ಆ ಕೊನೇ ಎರಡು ನಿಮಿಷ ನಿಂಗೆ ಸಿಗ್ತಾನೇ ಇರ್ಲಿಲ್ಲ."

"ಸಿಗದೆ ಇದ್ದಿದ್ರೆ ನಾನು ಅವತ್ತು ಹೋಟೆಲ್ಲಿಗೆ ಹೋಗಿರ್ತಿದ್ದೆ," ಎಂದ ತಮ್ಮ. "ಇಷ್ಟೇ ಹಾಡು ಅಂದ್ಕೊಂಡು ಹಾಡಿ ಬರ್ತಿದ್ದೆ. ಮಿಕ್ಕಿದ್ದನ್ನ ಅವರೇ ಹೇಳಿಕೊಡ್ತಿದ್ರು."

ಕೆಳಗೆ ಯಾರೋ ಲಿಫ್ಟಿನ ಬಾಗಿಲು ಬಡಿದು, ಇನ್ನೂ ಎಷ್ಟು ಹೊತ್ತು ಎಂದು ಕೂಗಿದರು. ತಮ್ಮ ಬಗ್ಗಿ, ಇನ್ನೊಂದು ಗಂಟೆ ಎಂದು ಕೂಗಿ ಹೇಳಿದ. ಆಮೇಲೆ ಚಿಂದಿ ಬಟ್ಟೆಯನ್ನು ಮಡಿಸಿ ಪಕ್ಕಕ್ಕಿಟ್ಟು ಅಣ್ಣನ ಎದುರು ಕುಕ್ಕರಗಾಲಲ್ಲಿ ಕೂತ.

"ಅಣ್ಣ, ನಂಗೆ ಹಾಡ್ಲಿಲ್ಲ ಅಂತ ಬೇಜಾರಿರಲಿಲ್ಲ. ನನ್ನ ಕೈಲಾಗಲ್ಲ ಅಂತ ಅವತ್ತೇ ಗೊತ್ತಾಗಿತ್ತು. ಆಗದ್ದನ್ನ ಬಿಟ್ಟೆ, ಅಷ್ಟೇ. ಅದನ್ನ ದಿಂಬಿನ ಹಾಗೆ ತಲೆ ಕೆಳಗೆ ಇಟ್ಕೊಂಡು ನಲವತ್ತು ವರ್ಷ ಹಾಯಾಗಿ ನಿದ್ದೆ ಮಾಡಿದ್ದೀನಿ. ಈಗ ನೀನು ಏಳು ಮಹಡಿ ಹತ್ತಿ ಬಂದು ನಿನ್ನ ಕೈಲಾಗ್ತಿತ್ತು ಅಂತಿದ್ದೀಯ. ಇವತ್ತು ಮನೆಗೆ ಹೋಗಿ ನಾನು ಏನು ತಲೆ ಕೆಳಗೆ ಇಟ್ಕೊಳ್ಲಿ?"

ಟೇಪಣ್ಣನ ಕಣ್ಣು ತುಂಬಿಬಂತು. "ನಿಂಗೆ ಸೋಮಾರಿ ಕೈ ಅಂದಿದ್ದೆ. ತಪ್ಪಾಯ್ತು ಕಣೋ," ಎಂದ.

"ಅದನ್ನ ಬಿಡು," ಎಂದ ತಮ್ಮ. ಎದ್ದು ಚಕ್ರದ ಕಡೆ ತಿರುಗಿದ. "ಕೂತಿರು. ಲಿಫ್ಟ್ ಶುರುವಾದ ಮೇಲೆ ಅದರಲ್ಲೇ ಇಳಿದು ಹೋಗುವೆಯಂತೆ. ಆ ಕಾಲಿಟ್ಕೊಂಡು ಮೆಟ್ಟಿಲು ಇಳೀಬೇಡ."

ಒಂದು ಗಂಟೆ ಇಬ್ಬರೂ ಆ ಕೋಣೆಯಲ್ಲಿದ್ದರು. ತಮ್ಮ ಸ್ಪ್ಯಾನರ್ ಕೇಳಿದಾಗ ಟೇಪಣ್ಣ ಎತ್ತಿ ಕೊಟ್ಟ. ಮನೆಯಲ್ಲಿ ಹೆಂಡತಿ ಅವನ ಮುಖ ನೋಡಿಯೇ ಹೇಳಿಬಂದಿದ್ದಾನೆಂದು ತಿಳಿದಳು, ಬೈಯಲಿಲ್ಲ. ಅದು ಬೈಗುಳಕ್ಕಿಂತ ಭಾರವಾಗಿತ್ತು.

ನಾಲ್ಕನೆಯ ಶನಿವಾರ ನೆಲಮಾಳಿಗೆ ತುಂಬಿತ್ತು. ಕುರ್ಚಿ ಸಾಲದೆ ಕೆಲವು ಮಕ್ಕಳು ನೆಲದ ಮೇಲೆ ಕೂತಿದ್ದರು. ಹತ್ತನೆಯ ಹಾಡು ಮುಗಿಯುವ ಹೊತ್ತಿಗೆ ಮೆಟ್ಟಿಲ ಮೇಲೆ ಹೆಜ್ಜೆ ಸದ್ದಾಯಿತು. ತಮ್ಮ ಬಂದು ಬಾಗಿಲ ಬಳಿ ನಿಂತ. ಕೆಲಸದಿಂದ ನೆಟ್ಟಗೆ ಬಂದಿದ್ದ. ಅಂಗಿಯ ತೋಳಿಗೆ ಗ್ರೀಸು ಮೆತ್ತಿತ್ತು. ಕಣ್ಣ ಕೆಳಗೆ ಕಪ್ಪಾಗಿತ್ತು, ಗುರುವಾರದಿಂದ ನಿದ್ದೆಯಿಲ್ಲವೆಂದು ಹೇಳುವುದೇ ಬೇಡ. ಟೇಪಣ್ಣ ತನ್ನ ಕುರ್ಚಿ ಬಿಟ್ಟುಕೊಟ್ಟ. ತಮ್ಮ ಬೇಡವೆಂದು ಕೈಯಾಡಿಸಿ ಗೋಡೆಗೊರಗಿ ನೆಲದ ಮೇಲೆ ಕೂತ.

"ಇವನೇ ನನ್ನ ತಮ್ಮ," ಎಂದ ಟೇಪಣ್ಣ ಮಕ್ಕಳಿಗೆ. ಎಲ್ಲರೂ ತಿರುಗಿ ನೋಡಿದರು. ತಮ್ಮ ನಗಲು ನೋಡಿದ, ಬರಲಿಲ್ಲ.

ಹನ್ನೊಂದನೆಯ ಹಾಡು ಮುಗಿಯಿತು. ಹನ್ನೆರಡನೆಯದು ಶುರುವಾದಾಗ ಟೇಪಣ್ಣನಿಗೆ ಮುಳ್ಳನ್ನು ಎತ್ತಿಬಿಡೋಣ ಅನಿಸಿತು. ಎತ್ತಲಿಲ್ಲ. ಹಾಡು ಸಾವಕಾಶವಾಗಿ, ಯಾರೂ ಅಟ್ಟಿಸಿಕೊಂಡು ಬರದ ಮನುಷ್ಯ ನಡೆದಂತೆ ನಡೆಯಿತು. ತಮ್ಮ ಎರಡೂ ಕೈಗಳನ್ನು ಕಂಕುಳಲ್ಲಿ ಅವುಚಿಕೊಂಡು ಕೂತಿದ್ದ. ಕೊನೆಯ ಎರಡು ನಿಮಿಷ ಬಂತು. ದನಿ, ಗಿಟಾರು, ಮತ್ತೆ ದನಿ, ಒಂದೊಂದೇ ಮೆಟ್ಟಿಲು. ತಮ್ಮನ ಗಂಟಲು ಆಡುತ್ತಿತ್ತು. ಬಾಯಿ ಮುಚ್ಚಿಯೇ ಇತ್ತು, ಆದರೆ ಒಳಗಿನಿಂದ ಗುನುಗು ಹೊರಟಿತ್ತು. ಪಕ್ಕದಲ್ಲಿ ಕೂತಿದ್ದ ಕನ್ನಡಕದ ಹುಡುಗಿ ಅದನ್ನು ಕೇಳಿಸಿಕೊಂಡು ತಿರುಗಿ ನೋಡಿದಳು. ಬಿಳಿತಲೆ ತುತ್ತತುದಿಗೆ ಹೋದ. ಅರವತ್ತೊಂದು ವರ್ಷದ ಗಂಟಲಿನ ಆ ಗುನುಗು ಎಲ್ಲಿಯೂ ಒಡೆಯದೆ, ಅವನ ಜೊತೆಗೇ ಹೋಗಿ ಅಲ್ಲೇ ನಿಂತಿತು.

ರೆಕಾರ್ಡಿನ ಕೊನೆಯ ಗೆರೆಯಲ್ಲಿ ಮುಳ್ಳು ಸರಸರ ಸದ್ದು ಮಾಡುತ್ತಿತ್ತು. ಟೇಪಣ್ಣನಿಗೆ ಎದ್ದು ಅದನ್ನೆತ್ತಲು ಆಗಲಿಲ್ಲ.

"ಅಂಕಲ್, ನಿಮಗೂ ಇದನ್ನ ಹಾಡೋಕೆ ಬರುತ್ತಾ?" ಎಂದು ಕೇಳಿದಳು ಹುಡುಗಿ.

ತಮ್ಮ ಅಂಗಿಯ ತೋಳಿನಿಂದ ಮುಖ ಒರೆಸಿಕೊಂಡ. ಅಣ್ಣನ ಕಡೆ ನೋಡದೆ, ಅವಳನ್ನೇ ನೋಡಿ ಹೇಳಿದ.

"ಬರ್ತಿತ್ತಂತೆ ಮರಿ. ಮೊನ್ನೆ ಗುರುವಾರ ಗೊತ್ತಾಯ್ತು."